ಚಿಗವ್ವನ ಸಿಟ್ಟು ಮತ್ತು ನೀರಿನ ಗ್ಯಾಸು

ನಮ್ಮ ಚಿಗವ್ವನಿಗೆ ಬಹಳ ಬೇಗ ಸಿಟ್ಟು ಬರುತ್ತದೆ ಎಂದು ಮುಧೋಳದಿಂದ ಜಮಖಂಡಿಯವರೆಗೆ ಯಾರನ್ನು ಕೇಳಿದರೂ ಹೇಳುತ್ತಾರೆ. ಶುದ್ಧ ಸುಳ್ಳು! ಬರಬೇಕಾದರೆ ಅದು ಮೊದಲು ಎಲ್ಲಿಗಾದರೂ ಹೋಗಿರಬೇಕಲ್ಲ? ಚಿಗವ್ವನ ಸಿಟ್ಟು ಎಲ್ಲಿಗೂ ಹೋಗುವುದಿಲ್ಲ. ಊಟಕ್ಕೆ ಕುಳಿತರೆ ಪಕ್ಕದಲ್ಲಿ ಕೂರುತ್ತದೆ, ಬಸ್ಸು ಹತ್ತಿದರೆ ಕಿಟಕಿಯ ಸೀಟು ಹಿಡಿಯುತ್ತದೆ. ಅವಳ ಸಿಟ್ಟಿಗೆ ಬೇರೆ ಟಿಕೆಟ್ ತೆಗೆಸದ ಕಂಡಕ್ಟರುಗಳನ್ನು ನಾನು ದೊಡ್ಡ ಮನಸ್ಸಿನವರೆಂದೇ ತಿಳಿದಿದ್ದೇನೆ.

ಚಿಗವ್ವ ಎಂದರೆ ನನ್ನ ಅವ್ವನ ತಂಗಿ. ಹುಟ್ಟಿದ್ದು ಮುಧೋಳದಲ್ಲಿ. ಈಗ ಇರುವುದು ದೂರದ ಒಂದು ದೊಡ್ಡ ಊರಿನ ಸಂಶೋಧನಾ ಸಂಸ್ಥೆಯಲ್ಲಿ. ಅಲ್ಲಿ ಒಂದು ಬಗೆಯ ಶಕ್ತಿಯನ್ನು ಇನ್ನೊಂದು ಬಗೆಗೆ ಬದಲಾಯಿಸುವ ಕೆಲಸ. ಬಿಸಿಲಿನಿಂದ ಬಂದ ಕರೆಂಟನ್ನು ನೀರಿನೊಳಗೆ ಹಾಯಿಸಿ, ನೀರನ್ನು ಒಡೆದು, ಅದರಲ್ಲಿರುವ ಹೈಡ್ರೋಜನ್ನನ್ನು ಬೇರೆ ಮಾಡಿ, ಅದನ್ನು ಇಂಧನವಾಗಿ ಕೂಡಿಡುವ ದಾರಿ ಹುಡುಕುತ್ತಾರೆ. ನೀರು ಸುಲಭವಾಗಿ ಒಡೆಯಲಿ ಎಂದು ನಡುವೆ ಒಂದು ವಸ್ತುವನ್ನು ಇಡುತ್ತಾರೆ. ತಾನು ಖರ್ಚಾಗದೆ ಕೆಲಸವನ್ನು ಬೇಗ ಮಾಡಿಸುವ ಆ ವಸ್ತುವಿಗೆ ವೇಗವರ್ಧಕ ಎಂದು ಹೆಸರು. ಚಿಗವ್ವ ಕೆಟಲಿಸ್ಟ್ ಎನ್ನುತ್ತಾಳೆ. ಇಷ್ಟನ್ನು ತಪ್ಪಿಲ್ಲದೆ ಬರೆಯಲು ನಾನು ಎಷ್ಟು ಬೈಗುಳ ತಿಂದಿದ್ದೇನೆ ಎಂಬುದು ಓದುವ ನಿಮಗೇನು ಗೊತ್ತು?

ಒಮ್ಮೆ ಅಡುಗೆಮನೆಯಲ್ಲಿ ಸುಮ್ಮನೆ ಕೇಳಿದೆ. "ಅಂದ್ರ ಹಾಲಿಗೆ ಹೆಪ್ಪು ಹಾಕಿದಂಗ ಅಲ್ಲೇನ್ ಬೇ ಚಿಗವ್ವಾ?"

ರೊಟ್ಟಿ ತಟ್ಟುತ್ತಿದ್ದವಳು ಹಿಟ್ಟಿನ ಕೈಯನ್ನು ನನ್ನ ಮುಖದ ಮುಂದೆ ಹಿಡಿದಳು. "ಹೆಪ್ಪು ಹಾಲಿನ್ಯಾಗ ಬೆಳಿತೈತಿ, ತಾನೂ ಮೊಸರಾಗತೈತಿ. ನನ್ನ ಕೆಟಲಿಸ್ಟ್ ಮೊಸರಾಗಂಗಿಲ್ಲ! ತಿಳೀತೇನು?"

"ತಿಳೀತು ಬೇ."

"ತಿಳಿದಿಲ್ಲ. ನಗಾಕತ್ತಿ ನೀ."

ಅಷ್ಟರಲ್ಲಿ ಹಂಚಿನ ಮೇಲಿದ್ದ ರೊಟ್ಟಿ ಸುಟ್ಟು ಕರಕಾಯಿತು. ಅದಕ್ಕೂ ನಾನೇ ಕಾರಣಳಾದೆ.

ಅವಳು ಮದುವೆಯಾಗಲಿಲ್ಲ. ಗಂಡು ಸಿಗದೆ ಅಲ್ಲ. ಅವ್ವ ಹೇಳುತ್ತಿದ್ದಳು, ನೋಡಲು ಬಂದ ಹುಡುಗನೊಬ್ಬ ಚಹಾ ಕುಡಿಯುತ್ತ, "ಚಹಾ ಭಾಳ ಕುದಿಸಿದ್ರ ಮೈಯಾಗ ಶಕ್ತಿ ಬರ್ತೈತ್ರಿ" ಎಂದನಂತೆ. ಪಾಪ, ಹುಡುಗಿಯ ಎದುರು ಏನೋ ಮಾತಾಡಬೇಕಲ್ಲ! ಯಾವ ಶಕ್ತಿ, ಎಲ್ಲಿಂದ ಬಂತು, ಒಲೆಯದೋ ಎಲೆಯದೋ ಸಕ್ಕರೆಯದೋ ಎಂದು ಚಿಗವ್ವ ಶುರು ಹಚ್ಚಿಕೊಂಡಳು. ಹುಡುಗನ ಅಪ್ಪ ಅರ್ಧ ಕಪ್ಪನ್ನು ಅಲ್ಲೇ ಇಟ್ಟು ಚಪ್ಪಲಿ ಹುಡುಕಿದರಂತೆ. ಆ ಹುಡುಗ ಈಗಲೂ ನಮ್ಮ ಕಡೆಯ ಮದುವೆಗಳಲ್ಲಿ ಸಿಗುತ್ತಾನೆ. ಚಹಾ ಕೊಟ್ಟರೆ ಸುತ್ತಲೂ ಒಮ್ಮೆ ನೋಡಿಯೇ ಕುಡಿಯುತ್ತಾನೆ.

ನಾನು ಮದುವೆಯಾಗಿ ಬಂದದ್ದು ಬನಹಟ್ಟಿಗೆ. ನಮ್ಮವರಿಗೆ ನೂಲಿಗೆ ಬಣ್ಣ ಹಾಕುವ ಒಂದು ಶೆಡ್ಡು ಇದೆ. ಮನೆಯ ಹಿಂದೆಯೇ ಶೆಡ್ಡು, ಶೆಡ್ಡಿನಲ್ಲಿ ಬಾಯ್ಲರು, ಬಾಯ್ಲರಿಗೆ ಕಟ್ಟಿಗೆ. ನಮ್ಮವರ ಪಾಲಿಗೆ ಚಿಗವ್ವ ಸಣ್ಣತ್ತಿ. ಅವರು ಅವಳನ್ನು ಕಂಡರೆ ಹೆದರುತ್ತಾರೆ, ಆದರೆ ಅದಕ್ಕಿಂತ ಹೆಚ್ಚು ಅಭಿಮಾನ. ಓಣಿಯಲ್ಲಿ ಯಾರು ಸಿಕ್ಕರೂ, "ನಮ್ಮ ಸಣ್ಣತ್ತಿ ಕೆಮಿಕಲ್ ಸೈಂಟಿಸ್ಟ್ ಅದಾರ್ರಿ" ಎಂದು ಕೇಳದೆಯೇ ಹೇಳುವವರು. ಆ ಜನವೋ! "ಕೆಮಿಕಲ್ ಅಂದ್ರ ಬಣ್ಣದ ಕೆಮಿಕಲ್ ಏನ್ರಿ? ನಮಗೂ ಸೋವಿ ರೇಟಿಗೆ ಸಿಗತೈತೇನ್ ಕೇಳ್ರಿ" ಎಂದು ಹಿಂದೆ ಬೀಳುವವರು. ಒಬ್ಬರಂತೂ ಅವಳಿಗೆ ಗ್ಯಾಸ್ ಏಜೆನ್ಸಿ ಇದೆ ಎಂದು ತಿಳಿದು ಸಿಲಿಂಡರು ಬಂದಿಲ್ಲವೆಂದು ನನ್ನ ಹತ್ತಿರ ಜಗಳಕ್ಕೆ ಬಂದರು.

ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ಅವಳ ಸಂಸ್ಥೆ ನೋಡಲು ಹೋಗಿದ್ದೆವು. ಹೊಸ ಜೋಡಿ ಗುಡಿಗೋ ಸಮುದ್ರಕ್ಕೋ ಹೋಗುತ್ತದೆ, ನಾವು ಪ್ರಯೋಗಶಾಲೆಗೆ ಹೋದೆವು! ನಮ್ಮವರ ಹಟ. ಗೇಟಿನ ಮೇಲಿನ ಫಲಕದಲ್ಲಿ ಸಂಸ್ಥೆಯ ಹೆಸರು ಎಷ್ಟು ಉದ್ದವಿತ್ತೆಂದರೆ, ನಮ್ಮವರು ಜೋರಾಗಿ ಓದಿ ಮುಗಿಸುವುದರೊಳಗೆ ರಿಕ್ಷಾ ಮುಂದಿನ ಗೇಟಿಗೆ ಹೋಗಿಬಿಟ್ಟಿತ್ತು.

ಚಿಗವ್ವ ಬಾಗಿಲಲ್ಲೇ ನಿಂತಿದ್ದಳು. 'ಬಂದಿರಾ, ಆರಾಮ ಅದೀರಾ' ಏನೂ ಇಲ್ಲ. "ಕಾಲಾಗಿನ ಚಪ್ಪಲಿ ತಗದು ಬೂಟು ಹಾಕ್ಕೋರಿ. ಸೀರಿ ಸೆರಗು ಕಟ್ಟು. ಬಳಿ ತಗಿ. ಕಣ್ಣಿಗೆ ಇದು ಹಾಕ್ಕೋರಿ." ದೊಡ್ಡ ಗಾಜಿನ ಕನ್ನಡಕ, ಮೊಣಕಾಲಿನವರೆಗೆ ಬಿಳಿ ಕೋಟು. ನನ್ನ ಹೊಸ ಸೀರೆ ಯಾರಿಗೂ ಕಾಣಲಿಲ್ಲ. ಅದರ ಸಿಟ್ಟು ನನಗೆ ಇವತ್ತಿಗೂ ಇದೆ.

ಒಳಗೆ ಉದ್ದನೆಯ ಕೋಣೆ. ಗೋಡೆಗುಂಟ ಸಣ್ಣ ಸಣ್ಣ ಕೊಳವೆಗಳು, ಗಡಿಯಾರದಂಥ ಮುಖಗಳು, ಗುಂಯ್ ಎನ್ನುವ ಯಂತ್ರಗಳು. ಒಂದು ಗಾಜಿನ ಪೆಟ್ಟಿಗೆಯೊಳಗೆ ನೀರು, ನೀರಿನಲ್ಲಿ ತೆಳುವಾದ ಎರಡು ಹಾಳೆ, ಒಂದೊಂದರ ಮೈಯಿಂದ ಸಣ್ಣ ಗುಳ್ಳೆಗಳು ಎದ್ದು ಬೇರೆ ಬೇರೆ ಕೊಳವೆಯಲ್ಲಿ ಹೋಗುತ್ತಿದ್ದವು. ಚಿಗವ್ವ ಒಂದು ಸೀಸೆ ತೋರಿಸಿದಳು. ತಳದಲ್ಲಿ ಚಿಟಿಕೆಯಷ್ಟು ಬೂದು ಬಣ್ಣದ ಪುಡಿ.

"ಇದ ನೋಡ್ರಿ. ಇದನ್ನ ಆ ಹಾಳಿಗೆ ಸವರತೀವಿ. ಇದು ನೆಟ್ಟಗಿದ್ರ ನೀರು ಕಡಿಮಿ ಕರೆಂಟಿನ್ಯಾಗ ಒಡೀತೈತಿ."

ನಮ್ಮವರು ಬಗ್ಗಿ ನೋಡಿದರು. "ಇಷ್ಟ ಏನ್ರಿ ಸಣ್ಣತ್ತಿಯಾರ?"

"ಇಷ್ಟ ಅಂದ್ರ?"

"ಅಲ್ಲ, ಇಷ್ಟೆಲ್ಲಾ ಬಿಲ್ಡಿಂಗು, ಇಷ್ಟೆಲ್ಲಾ ಮಂದಿ... ಅದಕ್ಕ ಕೇಳಿದೆ."

ಆ ಮಾತು ಆಡಿ ಸುಮ್ಮನಿರಬಹುದಿತ್ತು. ಮುಜುಗರಕ್ಕೆ ಕೈ ಎಲ್ಲಿಡಬೇಕೆಂದು ತಿಳಿಯದೆ ಕೊಳವೆಯೊಂದರ ಹಿತ್ತಾಳೆಯ ತಿರುಪಿನ ಮೇಲೆ ಇಟ್ಟರು. ಚಿಗವ್ವ ಕೂಗಿದ ಕೂಗಿಗೆ ಗಾಜಿನ ಸೀಸೆಗಳೆಲ್ಲ ಗಣಗಣಿಸಿದವು. "ಕೈ ತಗೀರಿ!" ನಮ್ಮವರು ಎರಡೂ ಕೈಗಳನ್ನು ತಲೆಯ ಮೇಲೆ ಎತ್ತಿದರು, ಪೊಲೀಸರ ಕೈಗೆ ಸಿಕ್ಕವರ ಹಾಗೆ. ಅಲ್ಲಿದ್ದ ವಿದ್ಯಾರ್ಥಿಗಳು ಮಾತ್ರ ಒಬ್ಬರೂ ತಿರುಗಿ ನೋಡಲಿಲ್ಲ. ಅವರಿಗೆ ಅದು ಗಡಿಯಾರ ಬಡಿದಷ್ಟೇ ಮಾಮೂಲಾಗಿತ್ತು. ಹೊರಗೆ ಬಂದಾಗ ಒಬ್ಬ ವಿದ್ಯಾರ್ಥಿನಿ ಹಿಂದಿಯಲ್ಲಿ ನಮ್ಮನ್ನು ಸಮಾಧಾನ ಮಾಡಿದಳು. ಮೇಡಮ್ಮರು ಬೈಯುವುದು ಗುರುತಿನವರನ್ನಷ್ಟೇ ಅಂತೆ, ಹಾಗಾಗಿ ನೀವು ಖುಷಿಪಡಬೇಕಂತೆ. ಎಂಥ ಖುಷಿಯೋ!

ಆದರೂ ನಮ್ಮವರು ಊರಿಗೆ ಬಂದು ಆ ಬೂದು ಪುಡಿಯ ಸುದ್ದಿಯನ್ನು ಇಡೀ ಓಣಿಗೆ ಹೇಳಿದರು. ಹೇಳುತ್ತ ಹೇಳುತ್ತ ಚಿಟಿಕೆ ಬೊಗಸೆಯಾಯಿತು, ಬೊಗಸೆ ಚೀಲವಾಯಿತು.

ಆ ಸುದ್ದಿ ಜಮಖಂಡಿಗೂ ಮುಟ್ಟಿತು. ಅಲ್ಲಿಯ ಒಂದು ಸಂಘದವರು ಚಿಗವ್ವನಿಗೆ ಸತ್ಕಾರ ಇಟ್ಟುಕೊಂಡರು. ಅವಳು ಒಲ್ಲೆ ಎಂದಳು. ಅವ್ವ ಆಗ ಇನ್ನೂ ಇದ್ದಳು, ಅತ್ತು ಒಪ್ಪಿಸಿದಳು. ಸತ್ಕಾರ ಹೇಗಿರುತ್ತದೆ ಎಂದು ನಿಮಗೂ ಗೊತ್ತು. ಸ್ವಾಗತಕ್ಕೆ ಸ್ವಾಗತ, ಅದಕ್ಕೆ ವಂದನೆ, ವೇದಿಕೆಯ ಮೇಲಿದ್ದವರೆಲ್ಲ ಒಬ್ಬರಿಗೊಬ್ಬರು ಹಾರ ಹಾಕಿ ಮುಗಿಯುವುದರೊಳಗೆ ಮುಂದಿನ ಸಾಲಿನವರು ನಿದ್ದೆ ಹೋಗಿದ್ದರು. ಆಮೇಲೆ ಅಧ್ಯಕ್ಷರು ಎದ್ದು ಚಿಗವ್ವನನ್ನು ಹೊಗಳಿದರು. "ನಮ್ಮ ನೆಲದ ಮಗಳು! ನೀರಿನಿಂದ ಪೆಟ್ರೋಲ್ ತೆಗೆದ ಮಹಾಮಾತೆ! ನಾಳೆ ನಮ್ಮ ನಿಮ್ಮ ಮೋಟರ್ ಸೈಕಲ್ಲುಗಳು ಕೃಷ್ಣಾ ನದಿಯ ನೀರಿನಲ್ಲಿ ಓಡುತ್ತವೆ!"

ಚಪ್ಪಾಳೆಯೋ ಚಪ್ಪಾಳೆ! ಚಿಗವ್ವ ಎದ್ದಳು. ಅಧ್ಯಕ್ಷರ ಕೈಯಿಂದ ಮೈಕು ಕಸಿದುಕೊಂಡಳು.

"ಓಡಂಗಿಲ್ಲ!" ಎಂದಳು.

ಸಭೆ ಎಚ್ಚರವಾಯಿತು.

"ನೀರಿನ್ಯಾಗಿಂದ ಪೆಟ್ರೋಲ್ ಯಾರೂ ತಗದಿಲ್ಲ. ನಾ ಅಂತೂ ತಗದಿಲ್ಲ. ನಾವ್ ತಗಿಯೋದು ಹೈಡ್ರೋಜನ್. ಅದನ್ನೂ ಸೋವಿಯಾಗಿ, ಭಾಳ ದಿನ ಬಾಳೋಹಂಗ ತಗಿಯಾಕ ಇನ್ನೂ ಬಂದಿಲ್ಲ. ನಮ್ಮ ಕೆಟಲಿಸ್ಟ್ ಛಲೋ ನಡೀತೈತಿ, ಆಮ್ಯಾಲೆ ಸಾಯತೈತಿ. ಯಾಕ ಸಾಯತೈತಿ ಅಂತ ಹುಡುಕಾಕತ್ತೇವಿ. ಇಷ್ಟ ನಮ್ಮ ಕೆಲಸ."

ಹಿಂದಿನ ಸಾಲಿನಿಂದ ಯಾರೋ, "ಮತ್ತ ಸತ್ಕಾರ ಯಾತಕ್ರೀ?" ಎಂದರು.

"ಅದನ್ನ ನಾನೂ ಕೇಳಾಕತ್ತೇನಿ!" ಎಂದು ಚಿಗವ್ವ ಶಾಲು ತೆಗೆದು ಕುರ್ಚಿಯ ಮೇಲಿಟ್ಟಳು. ತನ್ನನ್ನು ಹೊಗಳಿದ್ದು ತಪ್ಪು ಎಂದು ಮೈಕಿನಲ್ಲಿ ಸಾರಿದ ಸನ್ಮಾನಿತರು ಜಮಖಂಡಿಯಲ್ಲಿ ಅವಳಿಗಿಂತ ಮೊದಲು ಇರಲಿಲ್ಲ, ಆಮೇಲೂ ಬಂದಿಲ್ಲ. ನಾಚಿಕೆಯಿಂದ ನಾವು ಹಿಂದಿನ ಬಾಗಿಲಿನಿಂದ ಹೊರಬಿದ್ದೆವು. ದಾರಿಯುದ್ದಕ್ಕೂ ಅವ್ವ ಅವಳನ್ನು ಬೈದಳು. ಅವ್ವನ ಬೈಗುಳವನ್ನು ಮಾತ್ರ ಚಿಗವ್ವ ತಲೆ ತಗ್ಗಿಸಿ ಕೇಳುತ್ತಿದ್ದಳು.

ಈಗ ನೀರಿನ ಗ್ಯಾಸಿನ ಕಥೆಗೆ ಬರುತ್ತೇನೆ. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಯಾರ ಮೇಲೆ ಎಂದು ಹೇಳುವುದೇ ಕಷ್ಟ.

ಹೋದ ವರ್ಷ ನಮ್ಮ ಓಣಿಯಲ್ಲಿ ಬಾಯ್ಲರಿನ ಹೊಗೆಯ ಬಗ್ಗೆ ಜಗಳ ಹೆಚ್ಚಾಗಿತ್ತು. ಒಗೆದು ಹಾಕಿದ ಬಟ್ಟೆಯ ಮೇಲೆ ಮಸಿ, ಮಕ್ಕಳಿಗೆ ಕೆಮ್ಮು. ಎದುರು ಮನೆಯ ಅಜ್ಜಿ ದಿನಾ ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದು ಕೆಮ್ಮಿ ತೋರಿಸಿ ಹೋಗುತ್ತಿದ್ದಳು. ನಮ್ಮವರಿಗೆ ನಿಜವಾಗಿಯೂ ಸಂಕಟವಾಗುತ್ತಿತ್ತು. ಅಂಥ ಹೊತ್ತಿನಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಯಲ್ಲಿ ಸೂಟ್‌ಕೇಸು ಹಿಡಿದ ಒಬ್ಬ ಸಾಹೇಬ ಬಂದ. ಎಲ್ಲಿಂದ ಬಂದನೋ! ಸೂಟ್‌ಕೇಸಿನಲ್ಲಿ ಒಂದು ತಗಡಿನ ಡಬ್ಬಿ, ಅದಕ್ಕೆ ಎರಡು ವೈರು, ಒಂದು ರಬ್ಬರಿನ ಕೊಳವೆ. ಡಬ್ಬಿಗೆ ನಮ್ಮದೇ ನಳದ ನೀರು ಹಾಕಿದ. ಜೇಬಿನಿಂದ ಪುಡಿಕೆ ತೆಗೆದು ಬಿಳಿ ಪುಡಿ ಸುರಿದ. ವೈರುಗಳನ್ನು ಕರೆಂಟಿಗೆ ಸಿಕ್ಕಿಸಿ, ಗುಂಡಿ ಒತ್ತಿ, ಕೊಳವೆಯ ತುದಿಗೆ ಕಡ್ಡಿ ಗೀರಿದ. ಭಗ್ ಎಂದು ಬೆಂಕಿ!

"ಹೊಗಿ ಇಲ್ಲ, ಬೂದಿ ಇಲ್ಲ. ಬರೇ ನೀರು. ಎಲ್ಲಾ ಕೆಲಸ ಈ ಪುಡಿ ಮಾಡತೈತಿ. ಇದಕ್ಕ ಕೆಟಲಿಸ್ಟ್ ಅಂತಾರ್ರಿ."

ಕೆಟಲಿಸ್ಟ್! ಆ ಒಂದು ಮಾತು ಕಿವಿಗೆ ಬಿದ್ದದ್ದೇ ನಮ್ಮವರ ಮುಖ ಅರಳಿತು. ಸುತ್ತ ನಿಂತಿದ್ದ ಶೆಡ್ಡಿನ ಮಾಲಕರ ಕಡೆಗೆ ತಿರುಗಿ, "ಖರೆ ಐತ್ರಿ, ನಾ ಕಣ್ಣಾರೆ ನೋಡಿ ಬಂದೇನಿ. ನಮ್ಮ ಸಣ್ಣತ್ತಿ ಕಡೆ ಇಂಥದ್ದ ಪುಡಿ ಐತಿ" ಎಂದರು. ಅಷ್ಟು ಸಾಕಾಯಿತು. ಅನುಮಾನದಲ್ಲಿದ್ದವರೂ ತಲೆಯಾಡಿಸಿದರು. ಎಲ್ಲ ಶೆಡ್ಡುಗಳಿಗೂ ನೀರಿನ ಗ್ಯಾಸು ಹಾಕಿಸುವುದು, ಮೊದಲು ನಮ್ಮ ಶೆಡ್ಡಿನಲ್ಲಿ ಪೂಜೆ, ಪೂಜೆಯ ದಿನವೇ ಎಲ್ಲರೂ ಮುಂಗಡ ಕೊಡುವುದು ಎಂದು ಮಾತಾಯಿತು. ಸಾಹೇಬ ಆಳೆತ್ತರದ ಒಂದು ಕಬ್ಬಿಣದ ಟಾಕಿ ತಂದು ನಿಲ್ಲಿಸಿದ. ಅದರಲ್ಲಿ ಗ್ಯಾಸು ತುಂಬಿಡಬೇಕಂತೆ.

ನಮ್ಮವರು ಸಂತೋಷ ಉಕ್ಕಿ ಚಿಗವ್ವನಿಗೆ ಫೋನು ಹಚ್ಚಿದರು. "ಸಣ್ಣತ್ತಿಯಾರ, ನಿಮಗ ಆಗದ್ದು ಬನಹಟ್ಟಿಯಾಗ ಆತ್ರೀ! ಪೂಜಾಕ್ಕ ಬರ್ರಿ." ಆಮೇಲೆ ಎಲ್ಲವನ್ನೂ ವರ್ಣಿಸಿದರು. ಆ ಕಡೆಯಿಂದ ಒಂದೇ ಪ್ರಶ್ನೆ ಬಂತು. "ಕೊಳವಿ ಎಷ್ಟವ?"

"ಒಂದ ರೀ."

ಫೋನು ಕಟ್ಟಾಯಿತು. "ಹೊಟ್ಟಿಕಿಚ್ಚು ಇರಬೇಕು ಬಿಡು, ಪಾಪ" ಎಂದು ನಮ್ಮವರು ನನ್ನ ಹತ್ತಿರ ಮರುಗಿದರು.

ಪೂಜೆಯ ಬೆಳಿಗ್ಗೆ ಶೆಡ್ಡಿನಲ್ಲಿ ಜನವೋ ಜನ. ಟಾಕಿಗೆ ವಿಭೂತಿ ಬಳಿದು ಹಾರ ಹಾಕಿದ್ದರು. ಎದುರು ಮನೆಯ ಅಜ್ಜಿಗೆ ಮುಂದೆಯೇ ಕುರ್ಚಿ. ಸಾಹೇಬ ಡಬ್ಬಿಯ ಕೊಳವೆಯನ್ನು ಟಾಕಿಗೆ ಜೋಡಿಸಲು ಬಗ್ಗಿದ್ದ. ಆಗ ಬಾಗಿಲಲ್ಲಿ ಚಿಗವ್ವ ಕಾಣಿಸಿಕೊಂಡಳು. ರೈಲು ಇಳಿದು, ಬಸ್ಸು ಬದಲಿಸಿ, ಸೀರೆಯೆಲ್ಲ ಮುದ್ದೆಯಾಗಿ, ಹೆಗಲಿಗೆ ಚೀಲ ಹಾಕಿಕೊಂಡು ನಿಂತಿದ್ದಳು. ಯಾರ ಮುಖವನ್ನೂ ನೋಡಲಿಲ್ಲ. ನೇರವಾಗಿ ಹೋಗಿ ಟಾಕಿಗೂ ಸಾಹೇಬನಿಗೂ ನಡುವೆ ನಿಂತಳು.

"ಇದನ್ನ ಮದಲ ಎಲ್ಲಿ ಹಚ್ಚೀರಿ?"

"ಗಲಗಲಿಯಾಗ ರೀ, ಅಮ್ಮಾರ."

"ಗಲಗಲಿಯಾಗ ಯಾರ ಮನಿ? ಅಲ್ಲಿ ನಮ್ಮ ಮಂದಿ ಅದಾರ, ಈಗ ಫೋನ್ ಹಚ್ಚತೇನಿ."

"ಗಲಗಲಿ ಅಂದ್ರ... ಬೀಳಗಿ ಕಡೆ ರೀ."

"ಬೀಳಗಿಯಾಗ ಯಾರು?"

"ಲೋಕಾಪುರ ದಾಟಿದ ಮ್ಯಾಲೆ ಒಂದು ತೋಟ ಐತ್ರಿ..."

ಪಾಪ, ಆ ಮನೆ ನಿಂತ ನಿಲುವಿನಲ್ಲೇ ಮೂರು ಊರು ಅಲೆಯಿತು! ಜನ ನಕ್ಕರು. ಸಾಹೇಬನಿಗೆ ಸಿಟ್ಟು ಬಂತು. "ಹೆಣ್ಮಕ್ಕಳಿಗೆ ಇದು ತಿಳಿಯಂಗಿಲ್ಲ. ಯಾರರೆ ಇವರನ್ನ ಒಳಗ ಕರಕೊಂಡ್ ಹೋಗ್ರಿ" ಎಂದ.

ಈ ಮಾತನ್ನು ಯಾರಿಗಾದರೂ ಹೇಳಲಿ, ನಮ್ಮ ಚಿಗವ್ವನಿಗೆ ಹೇಳುವುದೇ!

ಅವಳು ನನ್ನ ಕಡೆ ತಿರುಗಿದಳು. "ಬಣ್ಣಕ್ಕ ಹಾಕೋ ಸೋಡಾ ಪುಡಿ ತಗೊಂಡ್ ಬಾ." ತಂದುಕೊಟ್ಟೆ. ಡಬ್ಬಿಯ ನೀರು ಚೆಲ್ಲಿ, ತೊಳೆದು, ಹೊಸ ನೀರು ಹಾಕಿ, ಸಾಹೇಬನ ಪುಡಿಯ ಬದಲು ನಮ್ಮ ಸೋಡಾ ಸುರಿದಳು. ಗುಂಡಿ ಒತ್ತಿ ಕಡ್ಡಿ ಗೀರಿದಳು. ಮೊದಲಿನಷ್ಟೇ ಬೆಂಕಿ ಬಂತು.

"ಇದ ಇವರ ಕೆಟಲಿಸ್ಟ್. ನಿಮ್ಮ ಶೆಡ್ಡಿನ್ಯಾಗ ಚೀಲಗಟ್ಟಲೆ ಬಿದ್ದೈತಿ." ಆಮೇಲೆ ವೈರು ಕಿತ್ತಳು. ಬೆಂಕಿ ಆರಿತು. "ಇದು ನೀರಿನ ಬೆಂಕಿ ಅಲ್ಲ, ಕರೆಂಟಿನ ಬೆಂಕಿ. ಹಾಕಿದ್ದಕ್ಕಿಂತ ಹೆಚ್ಚು ಎಂದೂ ತಿರುಗಿ ಬರಂಗಿಲ್ಲ. ಕಟ್ಟಿಗಿಕಿಂತ ಕರೆಂಟ್ ಬಿಲ್ಲು ಜಾಸ್ತಿ ಬರತೈತಿ."

ಇಲ್ಲಿಗೆ ನಿಲ್ಲಿಸಿದ್ದರೆ ಎಲ್ಲ ಮುಗಿಯುತ್ತಿತ್ತು. ನಮ್ಮವರ ಮರ್ಯಾದೆಯೂ ಅಷ್ಟಿಷ್ಟು ಉಳಿಯುತ್ತಿತ್ತು. ಆದರೆ ಅವರು ತಡೆಯಲಾರದೆ ಎಂದರು, "ಇರಲಿ ಬಿಡ್ರಿ ಸಣ್ಣತ್ತಿಯಾರ. ಬಿಲ್ಲು ಹೆಚ್ಚಾದ್ರ ಆಗ್ಲಿ, ಹೊಗಿ ಅಂತೂ ಹೋಗತೈತಲ್ಲ. ಟಾಕಿ ತುಂಬಿಸೋಣು."

ಚಿಗವ್ವನ ಮುಖ ಕೆಂಪಾಯಿತು. ಒಂದು ಬೋಗುಣಿಯಲ್ಲಿ ಸಾಬೂನಿನ ನೀರು ತರಿಸಿದಳು. ಮತ್ತೆ ವೈರು ಜೋಡಿಸಿ, ಕೊಳವೆಯನ್ನು ಅದರಲ್ಲಿ ಅದ್ದಿ, ಮೇಲೆ ಅಂಗೈಯಷ್ಟು ನೊರೆ ಎದ್ದ ಕೂಡಲೇ ಕೊಳವೆಯನ್ನು ದೂರ ಎಳೆದು ವೈರು ಕಿತ್ತಳು. "ಎಲ್ಲಾರೂ ಗ್ವಾಡಿಗೆ ಹೋಗ್ರಿ. ಕಿವಿ ಮುಚ್ಚಿಕೊಳ್ರಿ. ಅಜ್ಜಿನ್ನ ಎಬ್ಬಿಸಿ ಹೊರಗ ಒಯ್ಯಿರಿ." ನೂಲು ಒಣಗಿಸುವ ಉದ್ದನೆಯ ಬಿದಿರಿನ ಕೋಲಿನ ತುದಿಗೆ ಬಟ್ಟೆ ಸುತ್ತಿ, ಬೆಂಕಿ ಹಚ್ಚಿ, ದೂರದಿಂದ ಆ ನೊರೆಗೆ ಮುಟ್ಟಿಸಿದಳು.

ಢಂ!

ಅಂಗೈಯಷ್ಟು ನೊರೆ, ಸ್ವಾಮಿ! ತಗಡಿನ ಮಾಡಿನ ಮೇಲಿದ್ದ ಪಾರಿವಾಳಗಳೆಲ್ಲ ಹಾರಿದವು. ಬೋಗುಣಿ ಬೋರಲಾಯಿತು. ಪೂಜೆಗಿಟ್ಟ ತೆಂಗಿನಕಾಯಿ ಉರುಳಿ ಮೋರಿಗೆ ಬಿತ್ತು. ಗೋಡೆಗೆ ಅಂಟಿದ್ದವರು ಬಾಗಿಲಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದರು.

ಸದ್ದು ಅಡಗಿದ ಮೇಲೆ ಚಿಗವ್ವ ಟಾಕಿಯ ಮೇಲೆ ಕೈಯಿಟ್ಟಳು. "ನೀರು ಒಡೆದ್ರ ಎರಡು ಗಾಳಿ ಬರ್ತಾವ. ಒಂದು ಉರಿಯೋದು, ಇನ್ನೊಂದು ಉರಿಸೋದು. ನಾವು ಅವನ್ನ ಬ್ಯಾರೆ ಬ್ಯಾರೆ ಕೊಳವ್ಯಾಗ ತಗೀತೇವಿ. ಇವ ಎರಡನ್ನೂ ಒಂದ ಟಾಕ್ಯಾಗ ತುಂಬಾಂವ. ಅಳಿಯಂದ್ರ, ಇದರ ಮಗ್ಗಲದಾಗ ನಿಮ್ಮ ಬಾಯ್ಲರ್ ಐತಿ. ಅದರ ಹಿಂದ ನಿಮ್ಮ ಮನಿ ಐತಿ. ಮನ್ಯಾಗ ನನ್ನ ಅಕ್ಕನ ಮಗಳು ಅದಾಳ!"

ಸಾಹೇಬನನ್ನು ನೋಡಿದರೆ, ಅವನ ಬಣ್ಣವೇ ಹಾರಿಹೋಗಿತ್ತು. ಆ ಪುಣ್ಯಾತ್ಮನಿಗೆ ತಾನು ಏನನ್ನು ಮಾರುತ್ತಿದ್ದೇನೆ ಎಂಬುದು ನಿಜವಾಗಿ ಗೊತ್ತಿರಲೇ ಇಲ್ಲ! ಚಹಾ ಕುಡಿದು ಬರುತ್ತೇನೆ ಎಂದು ಹೋದವನು ಸೂಟ್‌ಕೇಸು ಕೂಡ ಒಯ್ಯಲಿಲ್ಲ.

ಜೀವ ಉಳಿಸಿದ್ದಕ್ಕೆ ಎಲ್ಲರೂ ಚಿಗವ್ವನಿಗೆ ಕೈಮುಗಿದರು ಎಂದುಕೊಂಡಿರಾ? ನೀವು ನಮ್ಮ ಓಣಿಯವರಲ್ಲ ಬಿಡಿ. ಮಧ್ಯಾಹ್ನದ ಹೊತ್ತಿಗೆ ನಮ್ಮವರಿಗೆ 'ಗುಳ್ಳಿ ಸಾವ್ಕಾರ' ಎಂದು ಹೆಸರು ಬಿದ್ದಿತ್ತು. ಅಂಗಡಿಗೆ ಹೋದರೆ, "ಬರ್ರಿ ಗುಳ್ಳಿ ಸಾವ್ಕಾರ್ರ, ಸಾಬೂನ್ ಬೇಕಾಗಿತ್ತೇನು?" ಮುಂಗಡದ ದುಡ್ಡು ಉಳಿಸಿಕೊಂಡವರು ನೆಮ್ಮದಿಯಾಗಿ ನಕ್ಕರು. ಅವರೆಲ್ಲರ ದಡ್ಡತನವನ್ನೂ ನಮ್ಮವರೊಬ್ಬರ ತಲೆಗೆ ಕಟ್ಟಿದರು. ನಮ್ಮವರು ಮನೆಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡರು. ಊಟಕ್ಕೆ ಕರೆದರೆ ಒಳಗಿನಿಂದ, "ಆಕಿ ಇರೋತನಕ ನಾ ಹೊರಗ ಬರಂಗಿಲ್ಲ" ಎಂದರು. ಸಣ್ಣತ್ತಿಯಾರು ಹೋಗಿ 'ಆಕಿ' ಬಂದಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಅಡುಗೆಮನೆಗೆ ಹೋದೆ. ಚಿಗವ್ವ ಒಬ್ಬಳೇ ಕುಳಿತು ರೊಟ್ಟಿ ಮುರಿಯುತ್ತಿದ್ದಳು, ತಿನ್ನುತ್ತಿರಲಿಲ್ಲ.

"ಹಿಂಗ್ಯಾಕ ಮಾಡಿದಿ ಬೇ? ಅವರನ್ನ ಒಳಗ ಕರದು ಹೇಳಿದ್ರ ಆಗ್ತಿದ್ದಿಲ್ಲೇನು? ಅಷ್ಟ ಮಂದಿ ಮುಂದ ಅವರ ಮಾನ ತಗೀಬೇಕಾಗಿತ್ತ?"

"ಒಳಗ ಹೇಳಿದ್ರ ಅವರೊಬ್ಬರು ಕೇಳ್ತಿದ್ರು. ಉಳಿದ ಶೆಡ್ಡಿನವರು ಟಾಕಿ ತುಂಬಿಸ್ತಿದ್ರು."

"ಅವರು ಆ ಪುಡಿ ನಂಬಿದ್ದು ಯಾರ ಸಲುವಾಗಿ? ನಿನ್ನ ಸಲುವಾಗಿ! ನಿನ್ನ ಕೆಲಸ ನೋಡಿ ಬಂದು ಊರೆಲ್ಲಾ ಹೇಳಿಕೊಂಡು ತಿರುಗ್ಯಾಡಿದ್ರು. ನಿನ್ನ ಬಗ್ಗೆ ಅಷ್ಟ ಅಭಿಮಾನ ಇಟ್ಟಾಂವ ಈ ಭೂಮಿ ಮ್ಯಾಲೆ ಇನ್ನೊಬ್ಬ ಇಲ್ಲ. ಅಂಥವರಿಗೇ ಹಿಂಗ ಮಾಡಿದಿ."

ಅವಳು ಎದ್ದು ನಿಂತು ನನಗಿಂತ ದೊಡ್ಡ ದನಿಯಲ್ಲಿ ಕೂಗುತ್ತಾಳೆ ಎಂದುಕೊಂಡಿದ್ದೆ. ಕೂಗಲಿಲ್ಲ. ರೊಟ್ಟಿಯ ಚೂರನ್ನು ಬೆರಳಲ್ಲಿ ಪುಡಿ ಮಾಡುತ್ತ, "ಸಿಟ್ಟಾಗ್ಲಿ ಬಿಡು" ಎಂದಳು. "ಸಿಟ್ಟಾಗಾಕ ಜೀವ ಇರಬೇಕಲ್ಲ."

ನನಗೆ ಇನ್ನಷ್ಟು ಸಿಟ್ಟು ಬಂತು. ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆದೆ. ಅಂದು ನಮ್ಮ ಮನೆಯಲ್ಲಿ ಮೂವರೂ ಮೂರು ಕೋಣೆಯಲ್ಲಿ ಮಲಗಿದೆವು.

ಬೆಳಿಗ್ಗೆ ಎದ್ದರೆ ಚಿಗವ್ವ ಇಲ್ಲ. ಹಾಸಿಗೆ ಮಡಚಿಟ್ಟಿದ್ದಳು, ಚೀಲವೂ ಇರಲಿಲ್ಲ. ನಮ್ಮವರೂ ಇಲ್ಲ! ಶೆಡ್ಡಿಗೆ ಹೋಗಿ ನೋಡಿದೆ, ಬೀಗ ಹಾಕಿತ್ತು. ಕೆಲಸಕ್ಕೆ ಬಂದ ಹೆಂಗಸೊಬ್ಬಳು, ಸಾವ್ಕಾರರು ಬಹಳ ಸಿಟ್ಟಿನಲ್ಲಿ ಬಸ್ ನಿಲ್ದಾಣದ ಕಡೆ ಹೋದರು ಎಂದಳು. ಊರ ಜನರ ಎದುರು ಇನ್ನೊಂದು ಜಗಳ! ಚಪ್ಪಲಿ ಮೆಟ್ಟಿ ಓಡಿದೆ. ಓಡುತ್ತ ಇಬ್ಬರಿಗೂ ಏನೇನು ಅನ್ನಬೇಕೆಂದು ಸಾಲಾಗಿ ಜೋಡಿಸಿಕೊಂಡೆ. ಮೊದಲು ಅವಳಿಗೆ, ಆಮೇಲೆ ಇವರಿಗೆ, ಉಳಿದರೆ ಇಬ್ಬರಿಗೂ ಸೇರಿಸಿ.

ನಿಲ್ದಾಣದ ಮೂಲೆಯ ಕಲ್ಲು ಬೆಂಚಿನ ಮೇಲೆ ಇಬ್ಬರೂ ಇದ್ದರು. ಚಿಗವ್ವ ನಿದ್ದೆ ಹೋಗಿದ್ದಳು. ಎರಡು ದಿನದ ದಾರಿ, ಊಟವಿಲ್ಲ, ರಾತ್ರಿ ಕಣ್ಣು ಮುಚ್ಚಿದ್ದಾಳೋ ಇಲ್ಲವೋ. ತಲೆ ಪಕ್ಕಕ್ಕೆ ವಾಲಿ ನಮ್ಮವರ ಭುಜದ ಮೇಲೆ ಬಿದ್ದಿತ್ತು. ಕನ್ನಡಕ ಜಾರಿ ಕೆಳಗೆ ಬೀಳುವುದರಲ್ಲಿತ್ತು. ನಮ್ಮವರು ಅದನ್ನು ಮೆಲ್ಲಗೆ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಬೆನ್ನು ನೆಟ್ಟಗೆ, ಕತ್ತು ಸೆಟೆದು, ಫೋಟೋ ತೆಗೆಸಿಕೊಳ್ಳುವವರ ಹಾಗೆ ಕುಳಿತಿದ್ದರು. ಹುಬ್ಬು ಸಡಿಲಾದ ಚಿಗವ್ವನ ಮುಖ ನೋಡಿದೆ. ಅವ್ವನೇ ಬಂದು ಕುಳಿತಂತಿತ್ತು. ಜೋಡಿಸಿಕೊಂಡು ಬಂದ ಮಾತುಗಳನ್ನು ಬಿಟ್ಟು, ಅವಳ ಕಾಲ ಬಳಿಯಿದ್ದ ಚೀಲವನ್ನು ಎತ್ತಿಕೊಂಡೆ.

ಅಷ್ಟರಲ್ಲಿ ಬಾಗಲಕೋಟೆಯ ಬಸ್ಸು ಹೊರಟಿತು. ಅವಳು ಹತ್ತಬೇಕಾದ ಬಸ್ಸು ಅದೇ.

"ಬಸ್ ಹೋತಲ್ರೀ!" ಎಂದೆ.

ನಮ್ಮವರು ಕಣ್ಣಲ್ಲೇ ಗದರಿದರು. ತುಟಿಯ ಮೇಲೆ ಬೆರಳಿಟ್ಟು, "ಸಾವಕಾಶ ಮಾತಾಡು. ಈಗ ಕಣ್ಣ ಹತ್ಯಾವ" ಎಂದು ಪಿಸುಗುಟ್ಟಿದರು.

"ಜಗಳ ಮಾಡಾಕ ಬಂದಿದ್ರಂತ?"

"ಹೂಂ. ಮಗ್ಗಲದಾಗ ಕುಂತು ಬಾಯಿ ತಗಿಯೋದ್ರಾಗ ಮ್ಯಾಲೆ ಬಿದ್ರು."

"ಸಿಟ್ಟು ಇಳೀತೇನು ಹಂಗಾದ್ರ?"

"ಎಲ್ಲಿ ಇಳೀತು? ಎದ್ದ ಮ್ಯಾಲೆ ಬಿಡಂಗಿಲ್ಲ ನಾ." ಹಾಗೆಂದು, ಬಿಸಿಲು ಅವಳ ಮುಖಕ್ಕೆ ಬೀಳದ ಹಾಗೆ ಇನ್ನೊಂದು ಕೈಯನ್ನು ಅಡ್ಡ ಹಿಡಿದರು. "ನೀ ಮನಿಗೆ ಹೋಗಿ ಬಿಸಿ ರೊಟ್ಟಿ ಮಾಡು. ಸಣ್ಣತ್ತಿಯಾರು ನಿನ್ನೆಯಿಂದ ಏನೂ ತಿಂದಿಲ್ಲ."